ಟಿಬಿ ರೋಗಾಣುವಿನ ಗೋಡೆಯೂ ಗೇಟುಗಳೂ

(ಅಲ್ ಮನ್ಸೂರಾದಲ್ಲಿ ನಡೆದ ವೇದಿಕೆಯ ಶುಕ್ರವಾರದ ಆರೋಗ್ಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮೊದಲೇ ಹೇಳಿಬಿಡ್ತೇನೆ, ನಾನು ಡಾಕ್ಟರಲ್ಲ. ಬಂಟ್ವಾಳದ ಕಡೆಯವನು, ಓದಿದ್ದು ಮೈಕ್ರೋಬಯಾಲಜಿ, ಇಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೆಲಸ. ರಕ್ತ, ಕಫ, ಮೂತ್ರ ಇವುಗಳ ಜೊತೆಗೇ ನನ್ನ ದಿನ ಕಳೆಯುವುದು. ಕಾರ್ಯದರ್ಶಿಗಳು ಟಿಬಿ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ ಅಂದರು. ಕೆಮ್ಮುವಾಗ ಬಾಯಿ ಮುಚ್ಚಿ, ಮಾತ್ರೆ ಬಿಡಬೇಡಿ ಅಂತ ಪೋಸ್ಟರ್‌ನಲ್ಲೇ ಬರೆದಿರ್ತದೆ. ಅದನ್ನೇ ಓದಿ ಹೇಳುವುದಕ್ಕೆ ನಾನು ಬೇಕಾಗಿಲ್ಲ. ಮಾತ್ರೆ ಯಾಕೆ ಬಿಡಬಾರದು, ಬಿಟ್ಟರೆ ಎದೆಯೊಳಗೆ ಏನು ನಡೆಯುತ್ತದೆ ಅನ್ನುವುದನ್ನು ಯಾವ ಪೋಸ್ಟರ್ ಕೂಡ ಹೇಳುವುದಿಲ್ಲ. ಇವತ್ತು ನಾನು ಹೇಳಲು ಬಂದದ್ದು ಅದನ್ನು.

ನಾವೆಲ್ಲ ಎದೆಯ ಎಕ್ಸ್‌ರೇ ದಾಟಿಯೇ ಈ ದೇಶಕ್ಕೆ ಬಂದವರು. ಯಾರೋ ಮುಂಬೈಯಲ್ಲಿ, ಯಾರೋ ಕೊಚ್ಚಿಯಲ್ಲಿ, ಯಾರೋ ಚೆನ್ನೈಯಲ್ಲಿ ಮೆಡಿಕಲ್ ಮಾಡಿಸಿಕೊಂಡಿದ್ದೀರಿ. ರಿಪೋರ್ಟ್ ಬರುವ ತನಕ ಎಲ್ಲರಿಗೂ ಒಂದೇ ಹೆದರಿಕೆ. ಫಿಟ್ ಅಂತ ಬಂದ ಮೇಲೆ ಟಿಬಿ ಅನ್ನುವ ಶಬ್ದವನ್ನೇ ಮರೆತುಬಿಡ್ತೇವೆ. ಆದರೆ ಈ ರೋಗಾಣುವಿಗೆ ನಿದ್ದೆ ಮಾಡುವ ಗುಣ ಉಂಟು. ಪ್ರಪಂಚದ ಸುಮಾರು ನಾಲ್ಕರಲ್ಲಿ ಒಂದು ಪಾಲು ಜನರ ಮೈಯನ್ನು ಅದು ಹೊಕ್ಕಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಕಾಯಿಲೆ ಬರುವುದೇ ಇಲ್ಲ. ಸಕ್ಕರೆ ಕಾಯಿಲೆ, ಸಿಗರೇಟು, ಸರಿಯಾಗಿ ಊಟ ಇಲ್ಲದಿರುವುದು, ಕಲ್ಲು ಕಾಂಕ್ರೀಟು ಕತ್ತರಿಸುವಾಗ ಏಳುವ ಸಿಲಿಕಾ ಧೂಳು, ಇಂಥವು ಸೇರಿದಾಗ ಮಲಗಿದ್ದು ಏಳುವ ಸಾಧ್ಯತೆ ಹೆಚ್ಚು. ಇದರಲ್ಲಿ ನಮಗೆ ಸಂಬಂಧ ಇಲ್ಲದ್ದು ಯಾವುದು, ನೀವೇ ಹೇಳಿ.

2023ರಲ್ಲಿ ಜಗತ್ತಿನಲ್ಲಿ 1 ಕೋಟಿ 8 ಲಕ್ಷ ಜನ ಹೊಸದಾಗಿ ಟಿಬಿ ಕಾಯಿಲೆಗೆ ಬಿದ್ದರು, ಹನ್ನೆರಡೂವರೆ ಲಕ್ಷ ಜನ ತೀರಿಕೊಂಡರು ಅಂತ ಅಂದಾಜು. ಕಾಯಿಲೆ ಬಿದ್ದವರಲ್ಲಿ ನಾಲ್ಕರಲ್ಲಿ ಒಬ್ಬರು ಭಾರತದವರು. ಆದ್ದರಿಂದ ಇದು ಅಜ್ಜನ ಕಾಲದ ರೋಗವಲ್ಲ.

ಅಜ್ಜನ ಕಾಲದಲ್ಲಿ ಹೇಗಿತ್ತು ಅನ್ನುವುದಕ್ಕೆ ನಮ್ಮ ಕರ್ನಾಟಕದ್ದೇ ಲೆಕ್ಕ ಉಂಟು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಅಂತ ಇದೆ. 1959ರಲ್ಲಿ ಶುರುವಾದದ್ದು, 1960ರ ಸೆಪ್ಟೆಂಬರ್‌ನಲ್ಲಿ ನೆಹರೂ ಬಂದು ಉದ್ಘಾಟನೆ ಮಾಡಿದರು. ಆ ಸಂಸ್ಥೆಯವರು 1961ರಿಂದ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಐದು ವರ್ಷ ಜನರನ್ನು ಗಮನಿಸಿದರು. ಆಗ ಹಳ್ಳಿಗಳಿಗೆ ಸರಿಯಾದ ಔಷಧಿ ಮುಟ್ಟಿರಲಿಲ್ಲ. ಕಫದಲ್ಲಿ ರೋಗಾಣು ಕಂಡವರಲ್ಲಿ ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಜನ ತೀರಿಹೋಗಿದ್ದರು. ಮೂರರಲ್ಲಿ ಒಂದು ಪಾಲು ತಾವಾಗಿಯೇ ಗುಣವಾಗಿದ್ದರು. ಉಳಿದವರು ಕೆಮ್ಮುತ್ತ, ಬೇರೆಯವರಿಗೆ ಹಂಚುತ್ತ ಬದುಕಿದ್ದರು.

ಅದೇ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅನ್ನುವವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೊಂದು ಅಧ್ಯಯನ ಮಾಡಿ 1963ರಲ್ಲಿ ಪ್ರಕಟಿಸಿದರು. ಹಳ್ಳಿಯವರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲ ಅಂತ ಎಲ್ಲರೂ ಹೇಳುವ ಕಾಲ ಅದು. ಇವರು ಕಂಡದ್ದು ಬೇರೆ. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಅವರಲ್ಲಿ ಹೆಚ್ಚಿನವರಿಗೆ ಅಲ್ಲಿ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಕೆಮ್ಮಿನ ಔಷಧಿಯ ಬಾಟಲಿ ನಮ್ಮ ರೂಮುಗಳ ಕಿಟಕಿಯಲ್ಲಿ ಈಗಲೂ ಉಂಟು.

ಈಗ ರೋಗಾಣುವಿನ ವಿಷಯಕ್ಕೆ ಬರ್ತೇನೆ. ರಾಬರ್ಟ್ ಕಾಖ್ ಅನ್ನುವ ಜರ್ಮನ್ ವಿಜ್ಞಾನಿ 1882ರ ಮಾರ್ಚ್ 24ರಂದು ಇದನ್ನು ಕಂಡುಹಿಡಿದೆ ಅಂತ ಪ್ರಕಟಿಸಿದರು. ಅದಕ್ಕೇ ಮಾರ್ಚ್ 24 ವಿಶ್ವ ಕ್ಷಯರೋಗ ದಿನ. ಲ್ಯಾಬಿನಲ್ಲಿ ನಾವು ಕಫವನ್ನು ಗಾಜಿನ ಮೇಲೆ ಹಚ್ಚಿ, ಕೆಂಪು ಬಣ್ಣ ಹಾಕಿ, ಬಿಸಿ ಮಾಡಿ, ಆಮ್ಲದಿಂದ ತೊಳೆದು, ಆಮೇಲೆ ನೀಲಿ ಬಣ್ಣ ಹಾಕ್ತೇವೆ. ಬೇರೆ ಬ್ಯಾಕ್ಟೀರಿಯಾಗಳ ಕೆಂಪು ತೊಳೆದುಹೋಗ್ತದೆ, ಇದರದ್ದು ಹೋಗುವುದಿಲ್ಲ. ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳ ಹಾಗೆ ಕಾಣ್ತದೆ. ಆಮ್ಲ ಹಾಕಿದರೂ ಬಣ್ಣ ಬಿಡದಿರುವುದಕ್ಕೆ ಕಾರಣ ಅದರ ಗೋಡೆ. ಮೈಕೋಲಿಕ್ ಆಮ್ಲ ಅನ್ನುವ ಉದ್ದುದ್ದ ಕೊಬ್ಬಿನ ಎಳೆಗಳಿಂದ ಆದ ಮೇಣದಂಥ ಗೋಡೆ ಅದು. ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿದವರು ಇಲ್ಲಿ ಇದ್ದೀರಿ, ನಿಮಗೆ ಬೇಗ ಅರ್ಥ ಆಗ್ತದೆ. ನೀರು, ಆಮ್ಲ, ನಮ್ಮ ಮೈಯ ರಕ್ಷಣೆಯ ಕಣಗಳು, ಎಷ್ಟೋ ಔಷಧಿಗಳು, ಯಾವುದೂ ಸುಲಭವಾಗಿ ಒಳಗೆ ಇಳಿಯುವುದಿಲ್ಲ.

ಆದರೆ ಎಷ್ಟೇ ಭದ್ರವಾದ ಕಾಂಪೌಂಡ್ ಆದರೂ ಗೇಟು ಬೇಕಲ್ಲ? ಊಟ ಒಳಗೆ ಬರಬೇಕು, ಕಸ ಹೊರಗೆ ಹೋಗಬೇಕು, ಗೋಡೆ ಕಟ್ಟುವ ಸಾಮಾನು ಗೋಡೆಯ ಜಾಗಕ್ಕೆ ತಲುಪಬೇಕು. ಗೋಡೆಯ ಒಳಬದಿಯಲ್ಲಿ ತೆಳ್ಳಗಿನ ಕೊಬ್ಬಿನ ಪೊರೆಯೊಂದು ಉಂಟು. ಆ ಪೊರೆಯಲ್ಲಿ ಅಲ್ಲಲ್ಲಿ ಕೂತಿರುವ ಪ್ರೋಟೀನ್‌ಗಳೇ ಈ ಗೇಟುಗಳು. ನಮ್ಮ ಸೈಟಿನ ಗೇಟಿನ ಹಾಗೆಯೇ, ಪಾಸ್ ಇದ್ದದ್ದು ಮಾತ್ರ ದಾಟ್ತದೆ, ಒಂದೊಂದು ಸಾಮಾನಿಗೆ ಒಂದೊಂದು ಗೇಟು. ಗಾತ್ರ ಹೇಳಬೇಕಾದರೆ ಒಂದು ಮಿಲಿಮೀಟರಿನ ಸುಮಾರು ಲಕ್ಷದಲ್ಲಿ ಒಂದು ಭಾಗ.

ಅದರಲ್ಲಿ ಒಂದು ಗೇಟಿನ ಹೆಸರು ಎಂಎಂಪಿಎಲ್-3. ಹೆಸರು ನೆನಪಿಡಬೇಕಾಗಿಲ್ಲ, ಕೆಲಸ ನೆನಪಿಡಿ. ಮೈಕೋಲಿಕ್ ಆಮ್ಲ ತಯಾರಾಗುವುದು ರೋಗಾಣುವಿನ ಒಳಗೆ. ಅದನ್ನು ಟ್ರೆಹಲೋಸ್ ಅನ್ನುವ ಒಂದು ಸಕ್ಕರೆಗೆ ಕಟ್ಟಿ, ಮೂಟೆ ಮೂಟೆಯಾಗಿ ಪೊರೆಯ ಆಚೆಗೆ ದಾಟಿಸುವುದು ಈ ಗೇಟು. ಆಚೆ ಕಡೆ ಬೇರೆ ಪ್ರೋಟೀನ್‌ಗಳು ಮೂಟೆ ಬಿಚ್ಚಿ ಗೋಡೆಗೆ ಮೆತ್ತುತ್ತವೆ. ಈ ಗೇಟು ಜಾಮ್ ಆದರೆ ಸಿಮೆಂಟೆಲ್ಲ ಗೋಡೌನಿನಲ್ಲೇ ಉಳಿದು ಗೋಡೆ ಅರ್ಧಕ್ಕೆ ನಿಲ್ಲುತ್ತದೆ. ರೋಗಾಣು ಸಾಯುತ್ತದೆ. ಇದೇ ಕುಟುಂಬದ ಗೇಟುಗಳು ಅದಕ್ಕೆ ಹತ್ತಕ್ಕಿಂತ ಹೆಚ್ಚಿವೆ. ಆದರೆ ಇದೊಂದು ಇಲ್ಲದಿದ್ದರೆ ಅದು ಬೆಳೆಯಲಾರದು.

ಗೇಟು ತೆರೆಯಲು ಕರೆಂಟು ಎಲ್ಲಿಂದ? ಅದಕ್ಕೆ ಶರಾವತಿ ನೆನಪು ಮಾಡಿಕೊಳ್ಳಿ. ಲಿಂಗನಮಕ್ಕಿಯಲ್ಲಿ ನೀರು ಎತ್ತರದಲ್ಲಿ ನಿಂತಿದೆ, ಕೆಳಗೆ ಇಳಿಯುವಾಗ ಟರ್ಬೈನ್ ತಿರುಗಿಸಿ ಕರೆಂಟು ಕೊಡುತ್ತದೆ. ರೋಗಾಣು ಕೂಡ ಪ್ರೋಟಾನ್ ಅನ್ನುವ ಸಣ್ಣ ಕಣಗಳನ್ನು ಪೊರೆಯ ಹೊರಗೆ ತಳ್ಳಿ ತಳ್ಳಿ ಅಣೆಕಟ್ಟು ತುಂಬಿದ ಹಾಗೆ ತುಂಬಿಸಿಡುತ್ತದೆ. ಅವು ಮತ್ತೆ ಒಳಗೆ ಹರಿಯುವ ರಭಸದಲ್ಲಿ ಎಂಎಂಪಿಎಲ್-3 ಗೇಟು ಕೆಲಸ ಮಾಡುತ್ತದೆ. ಎಟಿಪಿ ಸಿಂಥೇಸ್ ಅನ್ನುವ ಇನ್ನೊಂದು ಪ್ರೋಟೀನ್ ಅಂತೂ ನಿಜವಾಗಿ ಟರ್ಬೈನಿನ ಹಾಗೆಯೇ ಗರಗರ ತಿರುಗಿ ರೋಗಾಣುವಿನ ಜೀವಶಕ್ತಿಯನ್ನು ತಯಾರಿಸುತ್ತದೆ.

ಇದನ್ನೆಲ್ಲ ಯಾರು ಕಣ್ಣಾರೆ ನೋಡಿದರು ಅಂತ ನೀವು ಕೇಳಬಹುದು. ಅದೇ ದೊಡ್ಡ ಸಾಹಸ. ಪೊರೆಯಲ್ಲಿರುವ ಪ್ರೋಟೀನ್ ಕೊಬ್ಬಿನಲ್ಲಿ ಬದುಕುವಂಥದ್ದು. ಹೊರಗೆ ತೆಗೆದು ಬರೇ ನೀರಿಗೆ ಹಾಕಿದರೆ ಮುದ್ದೆ ಆಗಿಬಿಡ್ತದೆ. ಅದಕ್ಕೆ ಒಂದು ಬಗೆಯ ಸೋಪಿನಲ್ಲಿ ಮೆಲ್ಲಗೆ ಕರಗಿಸಿ, ಸಕ್ಕರೆ ಹರಳುಗಟ್ಟಿಸುವ ಹಾಗೆ ಹರಳುಗಟ್ಟಿಸಿ, ಅದರ ಮೂಲಕ ಎಕ್ಸ್‌ರೇ ಹಾಯಿಸುತ್ತಾರೆ. ಎಕ್ಸ್‌ರೇ ಚದುರುವ ರೀತಿ ನೋಡಿ ಆಕಾರ ಲೆಕ್ಕ ಹಾಕ್ತಾರೆ. ನಮ್ಮ ಎದೆಯ ಎಕ್ಸ್‌ರೇ ನೆರಳು ತೋರಿಸ್ತದೆ, ಇದು ಅಣು ಅಣುವಿನ ಜಾಗ ತೋರಿಸ್ತದೆ. ಇನ್ನೊಂದು ಹೊಸ ವಿಧಾನ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್. ಪ್ರೋಟೀನನ್ನು ಕ್ಷಣದಲ್ಲಿ ಗಾಜಿನಂಥ ಮಂಜಿನೊಳಗೆ ಹೆಪ್ಪುಗಟ್ಟಿಸಿ ಲಕ್ಷಗಟ್ಟಲೆ ಚಿತ್ರ ತೆಗೆದು ಒಂದುಗೂಡಿಸುವುದು. ಈ ವಿಧಾನಕ್ಕೆ 2017ರಲ್ಲಿ ನೊಬೆಲ್ ಬಹುಮಾನ ಬಂತು. ಬೆಂಗಳೂರಿನಲ್ಲೂ ಇಂಥ ಯಂತ್ರಗಳಿವೆ.

ಎಂಎಂಪಿಎಲ್-3ರ ಆಕಾರ ಸಿಕ್ಕಿದ್ದು 2019ರಲ್ಲಿ. ಟಿಬಿ ರೋಗಾಣುವಿನ ಒಬ್ಬ ಸಾಧು ದಾಯಾದಿ ಉಂಟು, ಮನುಷ್ಯರಿಗೆ ಸಾಮಾನ್ಯವಾಗಿ ತೊಂದರೆ ಕೊಡದ್ದು. ಅದರ ಗೇಟನ್ನು ತೆಗೆದು ನೋಡಿದರು. ಪೊರೆಯನ್ನು ಹನ್ನೆರಡು ಸಲ ಹೊಲಿದ ಹಾಗೆ ಹಾದುಹೋಗುವ ಸುರುಳಿಗಳು, ನಡುವೆ ಪ್ರೋಟಾನ್ ಹರಿಯುವ ದಾರಿ. ಎಸ್‌ಕ್ಯೂ-109 ಅನ್ನುವ ಒಂದು ಔಷಧಿ ಸರಿಯಾಗಿ ಆ ದಾರಿಯಲ್ಲೇ ಅಡ್ಡ ಕೂತಿರುವುದು ಕಂಡಿತು. ಪೈಪಿನಲ್ಲಿ ಕಲ್ಲು ಸಿಕ್ಕಿಕೊಂಡ ಹಾಗೆ. 63 ಸಾವಿರಕ್ಕೂ ಹೆಚ್ಚು ರಾಸಾಯನಿಕಗಳನ್ನು ಪರೀಕ್ಷಿಸಿ ಇದನ್ನು ಆರಿಸಿದ್ದರು. ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ಅದು ಇನ್ನೂ ನಿರೀಕ್ಷೆ ಮುಟ್ಟಿಲ್ಲ, ಆದ್ದರಿಂದ ಆಸ್ಪತ್ರೆಯಲ್ಲಿ ಸಿಗುವ ಮಾತ್ರೆ ಅದಲ್ಲ. ಆದರೆ ಬೀಗದ ಆಕಾರ ಗೊತ್ತಾದ ಮೇಲೆ ಕೀಲಿಕೈ ಅರೆಯುವುದು ಸುಲಭ. ಈಗ ಎಷ್ಟೋ ಲ್ಯಾಬುಗಳು ಆ ಕೆಲಸದಲ್ಲಿವೆ.

ಟರ್ಬೈನಿಗೆ ಮಾತ್ರ ಔಷಧಿ ಬಂದೇಬಿಟ್ಟಿದೆ. ಬೆಡಾಕ್ವಿಲಿನ್ ಅಂತ ಹೆಸರು. ಅದು ತಿರುಗುವ ಚಕ್ರಕ್ಕೆ ಅಂಟಿಕೊಂಡು ತಿರುಗದ ಹಾಗೆ ಮಾಡುತ್ತದೆ. ನಮ್ಮ ಮೈಯಲ್ಲೂ ಇಂಥ ಟರ್ಬೈನ್ ಉಂಟು, ಆದರೆ ಆಕಾರದಲ್ಲಿ ಸ್ವಲ್ಪ ವ್ಯತ್ಯಾಸ ಇರುವುದರಿಂದ ಔಷಧಿ ಅದಕ್ಕೆ ಅಷ್ಟಾಗಿ ಅಂಟುವುದಿಲ್ಲ. ಅಮೆರಿಕದಲ್ಲಿ 2012ರ ಡಿಸೆಂಬರಿನಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಹೊಸ ಬಗೆಯ ಟಿಬಿ ಔಷಧಿ ಬಂದು ಆಗ ನಲವತ್ತು ವರ್ಷವೇ ಕಳೆದಿತ್ತು.

ಇಲ್ಲಿಯವರೆಗೆ ಗೇಟು ನಮ್ಮ ಶತ್ರುವಿನ ದೌರ್ಬಲ್ಯ ಅಂತ ಹೇಳಿದೆ. ಈಗ ಕಥೆಯ ಇನ್ನೊಂದು ಬದಿ. ಎಂಎಂಪಿಎಲ್-3ಕ್ಕೆ ಎಂಎಂಪಿಎಲ್-5 ಅಂತ ಒಬ್ಬ ತಮ್ಮ ಇದ್ದಾನೆ. ಅವನ ಕಸುಬು ಬೇಡದ್ದನ್ನು ಹೊರಗೆ ಎಸೆಯುವುದು. ಬೆಡಾಕ್ವಿಲಿನ್ ಒಳಗೆ ಬಂದರೆ ಅದನ್ನೂ ಎಳೆದು ಹೊರಗೆ ಹಾಕ್ತಾನೆ. ಮಾಮೂಲಿಯಾಗಿ ಇಂಥ ಗೇಟುಗಳು ಕಡಿಮೆ ಇರುತ್ತವೆ, ಯಾಕೆಂದರೆ ಇಷ್ಟೇ ಸಾಕು ಅಂತ ಹಿಡಿತದಲ್ಲಿಡುವ ಒಂದು ಸೂಪರ್‌ವೈಸರ್ ಪ್ರೋಟೀನ್ ಉಂಟು. ಕೋಟಿಗಟ್ಟಲೆ ರೋಗಾಣುಗಳಲ್ಲಿ ಎಲ್ಲೋ ಒಂದರಲ್ಲಿ ಆ ಸೂಪರ್‌ವೈಸರೇ ಹುಟ್ಟುವಾಗ ಕೆಟ್ಟುಹೋಗಿರ್ತದೆ. ಅಲ್ಲಿ ಕೇಳುವವರಿಲ್ಲ. ಗೇಟಿನ ಮೇಲೆ ಗೇಟು ಏಳ್ತದೆ, ಔಷಧಿ ಬಂದ ಹಾಗೆ ಹೊರಗೆ ಹೋಗ್ತದೆ.

ಇನ್ನೊಂದು ವಿಷಯ. ಭಾರತದಲ್ಲಿ ಓದಿ ಹೊರದೇಶದಲ್ಲಿ ಸಂಶೋಧನೆ ಮಾಡುತ್ತಿರುವ ಲಲಿತಾ ರಾಮಕೃಷ್ಣನ್ ಅವರ ತಂಡ 2011ರಲ್ಲಿ ತೋರಿಸಿದ ಹಾಗೆ, ನಮ್ಮ ಮೈಯ ರಕ್ಷಕ ಕಣಗಳು ಈ ರೋಗಾಣುವನ್ನು ನುಂಗಿದಾಗ ಅದು ಸಾಯುವ ಬದಲು ಹೊರತಳ್ಳುವ ಪಂಪುಗಳನ್ನು ಚುರುಕು ಮಾಡಿಕೊಳ್ಳುತ್ತದೆ, ಔಷಧಿಯನ್ನು ಸಹಿಸಿಕೊಂಡು ಕೂರುತ್ತದೆ. ವೆರಪಮಿಲ್ ಅನ್ನುವ ಬಿ.ಪಿ. ಮಾತ್ರೆ ಆ ಪಂಪನ್ನು ತಡೆಯುತ್ತದೆ ಅಂತಲೂ ಲ್ಯಾಬಿನಲ್ಲಿ ಕಂಡರು. ಯಾರೂ ಫಾರ್ಮಸಿಗೆ ಓಡಬೇಡಿ ಮಾರಾಯ್ರೇ, ಅದು ಟಿಬಿ ಚಿಕಿತ್ಸೆಯಾಗಿ ಬಳಕೆಗೆ ಬಂದಿಲ್ಲ. ನಾನು ಹೇಳುವುದು ಇಷ್ಟೇ: ಕೆಮ್ಮು ನಿಂತಿತು ಅಂದರೆ ರೋಗಾಣು ಮುಗಿಯಿತು ಅಂತಲ್ಲ. ಮೊದಲ ಎರಡು ತಿಂಗಳಲ್ಲಿ ಸುಲಭಕ್ಕೆ ಸಾಯುವಂಥವು ಸತ್ತಿರುತ್ತವೆ. ಉಳಿದದ್ದು ಹಟಮಾರಿಗಳು. ಮುಂದಿನ ನಾಲ್ಕು ತಿಂಗಳ ಮಾತ್ರೆ ಇರುವುದೇ ಅವುಗಳಿಗಾಗಿ.

ಒಟ್ಟಿಗೆ ನಾಲ್ಕು ಔಷಧಿ ಯಾಕೆ ಅನ್ನುವುದಕ್ಕೂ ಇದೇ ಉತ್ತರ. ರಿಫಾಂಪಿಸಿನ್, ಐಸೋನಿಯಾಜಿಡ್, ಪೈರಜಿನಮೈಡ್, ಎಥಾಂಬುಟಾಲ್. ಮೂತ್ರ ಕಿತ್ತಳೆ ಬಣ್ಣಕ್ಕೆ ಬರುವುದು ರಿಫಾಂಪಿಸಿನ್‌ನಿಂದ, ಹೆದರಬೇಡಿ. ಶ್ವಾಸಕೋಶದ ಒಂದು ಗಾಯದ ಕುಳಿಯಲ್ಲಿ ಹತ್ತು ಕೋಟಿ ರೋಗಾಣು ಇರಬಹುದು. ಯಾವುದೇ ಒಂದು ಔಷಧಿಗೆ ಬಗ್ಗದ ಕೆಲವು ಅದರಲ್ಲಿ ಆಕಸ್ಮಿಕವಾಗಿ ಇದ್ದೇ ಇರುತ್ತವೆ. ಆದರೆ ಎಲ್ಲ ಔಷಧಿಗೂ ಬಗ್ಗದ್ದು ಇರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಒಂದರಿಂದ ತಪ್ಪಿಸಿಕೊಂಡದ್ದನ್ನು ಇನ್ನೊಂದು ಹಿಡಿಯುತ್ತದೆ. ನಾವೇ ಒಂದನ್ನು ನುಂಗಿ ಒಂದನ್ನು ಬಿಟ್ಟರೆ, ಎರಡು ದಿನ ತಿಂದು ಮೂರು ದಿನ ಮರೆತರೆ, ಬಗ್ಗದವುಗಳನ್ನು ಆರಿಸಿ ಸಾಕಿದ ಹಾಗೆ.

ಬೆಡಾಕ್ವಿಲಿನ್‌ನಲ್ಲಿ ಇದು ಇನ್ನೂ ಸೂಕ್ಷ್ಮ. ಬೇರೆ ಮಾತ್ರೆ ನಿಲ್ಲಿಸಿದರೆ ಕೆಲವು ದಿನದಲ್ಲಿ ಮೈಯಿಂದ ಹೋಗ್ತದೆ. ಬೆಡಾಕ್ವಿಲಿನ್ ಅರ್ಧಕ್ಕೆ ಇಳಿಯಲು ಸುಮಾರು ಐದೂವರೆ ತಿಂಗಳು ಬೇಕು. ಎಲ್ಲವನ್ನೂ ಒಂದೇ ದಿನ ಬಿಟ್ಟೆ ಅಂತ ರೋಗಿ ತಿಳಿದುಕೊಳ್ತಾನೆ. ಒಳಗೆ ನಡೆಯುವುದು ಬೇರೆ. ಜೊತೆಯ ಔಷಧಿಗಳು ಹೋಗಿರುತ್ತವೆ, ಇದೊಂದೇ, ಅದೂ ಕಡಿಮೆ ಪ್ರಮಾಣದಲ್ಲಿ, ತಿಂಗಳುಗಟ್ಟಲೆ ಉಳಿದಿರುತ್ತದೆ. ಅವನನ್ನು, ಅಂದರೆ ಆ ತಮ್ಮನನ್ನು ಬೆಳೆಸುವುದಕ್ಕೆ ಇದಕ್ಕಿಂತ ಒಳ್ಳೆ ಗೊಬ್ಬರ ಬೇಡ.

ನನ್ನ ರೂಮಿನಲ್ಲೇ ಇದ್ದ ಒಬ್ಬ ಹುಡುಗನ ವಿಷಯ ಹೇಳ್ತೇನೆ, ಹೆಸರು ಬೇಡ. ಹತ್ತು ವರ್ಷಕ್ಕಿಂತ ಹಿಂದಿನದು. ಮೂರು ತಿಂಗಳು ಕೆಮ್ಮಿದ, ಕೆಲಸ ಹೋದೀತು ಅಂತ ಯಾರಿಗೂ ಹೇಳಲಿಲ್ಲ, ಬಕಾಲಾದಿಂದ ತಂದ ಶುಂಠಿ, ಫಾರ್ಮಸಿಯ ಸಿರಪ್ಪು. ಕೊನೆಗೆ ಪರೀಕ್ಷೆಯಾಗಿ ಮಾತ್ರೆ ಶುರುವಾಯಿತು. ಎರಡು ತಿಂಗಳಲ್ಲಿ ತೂಕ ಬಂತು, ಮುಖ ತುಂಬಿತು. ತಂಗಿಯ ಮದುವೆಗೆ ಊರಿಗೆ ಹೋದ. ಮದುವೆ ಮನೆಯಲ್ಲಿ ಕ್ಷಯದ ಮಾತ್ರೆ ಯಾರಾದರೂ ನೋಡಿದರೆ ಹುಡುಗಿಯ ಕಡೆಗೆ ಮಾತು ಬರ್ತದೆ ಅಂತ ಅದನ್ನು ಕೊಂಡುಹೋಗಲೇ ಇಲ್ಲ. ಮತ್ತೆ ಕಾಯಿಲೆ ಎದ್ದಾಗ ಮೊದಲಿನ ಔಷಧಿ ನಾಟಲಿಲ್ಲ. ಆ ಕಾಲದಲ್ಲಿ ಅಂಥವರಿಗೆ ಒಂದೂವರೆ ಎರಡು ವರ್ಷದ ಚಿಕಿತ್ಸೆ, ತಿಂಗಳುಗಟ್ಟಲೆ ದಿನಾ ಸೂಜಿ. ಬದುಕಿದ, ಈಗ ಊರಲ್ಲೇ ಆಟೋ ಓಡಿಸ್ತಾನೆ. ಸೂಜಿಯ ಔಷಧಿಯಿಂದ ಒಂದು ಕಿವಿ ಹೋಗಿದೆ. ಫೋನು ಮಾಡಿದರೆ, ಅಣ್ಣ, ಬಲಗಿವಿಗೆ ಇಟ್ಟುಕೊಳ್ತೇನೆ ತಡೀರಿ ಅಂತಾನೆ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಅವನು ಹೆದರಿದ್ದು ರೋಗಕ್ಕಲ್ಲ, ನಮ್ಮಂಥವರ ಬಾಯಿಗೆ.

ಈಗ ಕಾಲ ಬದಲಾಗಿದೆ. ಬೆಡಾಕ್ವಿಲಿನ್ ಜೊತೆಗೆ ಇನ್ನು ಮೂರು ಔಷಧಿ ಸೇರಿಸಿ, ಸೂಜಿ ಇಲ್ಲದೆ, ಬರೇ ಮಾತ್ರೆಯಲ್ಲಿ ಆರು ತಿಂಗಳ ಚಿಕಿತ್ಸೆ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅದನ್ನು ಶಿಫಾರಸು ಮಾಡಿತು, ಭಾರತ ಸರಕಾರ 2024ರಲ್ಲಿ ಒಪ್ಪಿತು. ಹೃದಯದ ಬಡಿತ ನೋಡಲು ನಡುನಡುವೆ ಇಸಿಜಿ ಬೇಕಾಗ್ತದೆ. ಈ ಔಷಧಿ ಕಂಪನಿಯೊಂದರ ಕೈಯಲ್ಲೇ ಇನ್ನೂ ಹಲವು ವರ್ಷ ಉಳಿಯುವುದರಲ್ಲಿತ್ತು. ಟಿಬಿಯಿಂದ ಗುಣವಾದ, ಸೂಜಿಯಿಂದ ಕಿವಿ ಕಳೆದುಕೊಂಡ ಇಬ್ಬರು ಹೆಣ್ಣುಮಕ್ಕಳು, ಮುಂಬೈಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ, ಭಾರತದ ಪೇಟೆಂಟ್ ಕಚೇರಿಯಲ್ಲಿ ತಕರಾರು ಹಾಕಿದರು. 2023ರ ಮಾರ್ಚಿನಲ್ಲಿ ಕಚೇರಿ ಅವರ ಮಾತು ಎತ್ತಿಹಿಡಿದು, ಪೇಟೆಂಟ್ ಮುಂದುವರಿಸುವ ಅರ್ಜಿಯನ್ನು ತಳ್ಳಿಹಾಕಿತು. ಬೇರೆ ಕಂಪನಿಗಳೂ ಕಡಿಮೆ ದರದಲ್ಲಿ ಅದನ್ನು ತಯಾರಿಸುವ ದಾರಿ ತೆರೆಯಿತು. ರೋಗಿಗಳೇ ತೆರೆಸಿದ ಗೇಟು ಅದು.

ಇಷ್ಟು ಕಷ್ಟಪಟ್ಟು ಸಿಕ್ಕಿದ ಔಷಧಿಯನ್ನು ಕಾಪಾಡುವುದು ರೂಮಿನಲ್ಲಿರುವ ನಮ್ಮ ಕೈಯಲ್ಲಿದೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇದರಲ್ಲಿ ಯಾವುದು ಕಂಡರೂ ಸಿರಪ್ಪಿಗೆ ಹೋಗದೆ ಹೆಲ್ತ್ ಸೆಂಟರಿಗೆ ಹೋಗಿ, ಇಷ್ಟು ದಿನದಿಂದ ಕೆಮ್ಮು ಅಂತ ದಿನ ಎಣಿಸಿ ಹೇಳಿ. ಹಮದ್‌ನವರ ಸಾಂಕ್ರಾಮಿಕ ರೋಗಗಳ ಕೇಂದ್ರ ಇದಕ್ಕೇ ಇರುವಂಥದ್ದು. ಜೀನ್‌ಎಕ್ಸ್‌ಪರ್ಟ್ ಯಂತ್ರ ಎರಡು ಗಂಟೆಯಲ್ಲಿ ರೋಗಾಣು ಉಂಟೋ ಇಲ್ಲವೋ, ರಿಫಾಂಪಿಸಿನ್‌ಗೆ ಬಗ್ಗುತ್ತದೋ ಇಲ್ಲವೋ ಎರಡನ್ನೂ ಹೇಳ್ತದೆ.

ಚಿಕಿತ್ಸೆಯಲ್ಲಿರುವವರು ಊರಿಗೆ ಹೋಗುವಾಗ ಟಿಕೆಟ್ ತೆಗೆಯುವ ಮೊದಲು ಡಾಕ್ಟರಿಗೆ ಹೇಳಿ. ಚಿಕಿತ್ಸೆಯ ಕಾಗದ, ಔಷಧಿಯ ಹೆಸರು, ಎಷ್ಟನೇ ತಿಂಗಳು ಅನ್ನುವುದನ್ನು ಬರೆಸಿಕೊಳ್ಳಿ. ಪ್ರಯಾಣದ ದಿನಗಳ ಮಾತ್ರೆ ಕೈಚೀಲದಲ್ಲೇ ಇರಲಿ. ಊರಿಗೆ ಮುಟ್ಟಿದ ವಾರದಲ್ಲೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿ ಔಷಧಿ ಪುಕ್ಕಟೆ. ಚಿಕಿತ್ಸೆ ಮುಗಿಯುವ ತನಕ ಪೌಷ್ಟಿಕ ಆಹಾರಕ್ಕೆ ಸರಕಾರ ಕೊಡುವ ಹಣವನ್ನು 2024ರ ನವೆಂಬರಿನಿಂದ ತಿಂಗಳಿಗೆ 500ರಿಂದ 1,000 ರೂಪಾಯಿ ಮಾಡಿದ್ದಾರೆ.

ಇನ್ನು ಕಾಯಿಲೆ ಇಲ್ಲದವರಿಗೆ ಒಂದು ಮಾತು. ಟಿಬಿ ತಟ್ಟೆಯಿಂದ, ಲೋಟದಿಂದ, ಕೈ ಕುಲುಕಿದರೆ ಬರುವುದಿಲ್ಲ. ಬರುವುದು ಗಾಳಿಯಿಂದ, ಮುಚ್ಚಿದ ಎಸಿ ರೂಮಿನಲ್ಲಿ ತುಂಬ ಹೊತ್ತು ಒಟ್ಟಿಗೆ ಇದ್ದರೆ. ದಿನಕ್ಕೊಮ್ಮೆ ಕಿಟಕಿ ತೆರೆಯಿರಿ. ಸರಿಯಾದ ಔಷಧಿ ಶುರುವಾಗಿ ಕೆಲವು ವಾರ ಕಳೆದರೆ ಹರಡುವುದು ಬಹಳ ಕಡಿಮೆಯಾಗ್ತದೆ. ಡಾಕ್ಟರು ಸರಿ ಅಂದ ಮೇಲೆ ಅವನ ತಟ್ಟೆ ಬೇರೆ ಇಡಬೇಡಿ. ರಾತ್ರಿ ಊಟ ಆದ ಮೇಲೆ, ಮಾತ್ರೆ ಆಯ್ತಾ ತಮ್ಮಾ ಅಂತ ಒಂದು ಮಾತು ಕೇಳಿ. ಮನೆಯಲ್ಲಾದರೆ ಅಮ್ಮ ಕೇಳುತ್ತಿದ್ದಳು, ಇಲ್ಲಿ ಕೇಳುವವರು ನಾವೇ.

ಎಲ್ಲರ ಎದುರು ಕೇಳಲು ಸಂಕೋಚ ಇರುವವರು ಚಾ ಕುಡಿಯುವಾಗ ಹತ್ತಿರ ಬನ್ನಿ, ಮಾತಾಡುವ.